ಪಾಂಗ್‌ಶಿಂಗ್ ಗುಡ್ಡದ ಬಿರುಕು

ನನ್ನ ಹೆಂಡತಿ ಮೆಂದೋ ಐದನೇ ತರಗತಿಗೆ ಶಾಲೆ ಬಿಟ್ಟವಳು. ನಾನು ಪಾಂಗ್‌ಶಿಂಗ್ ಶಾಲೆಯಲ್ಲಿ ಎಂಟನೇ ತರಗತಿಯವರೆಗೆ ವಿಜ್ಞಾನ ಹೇಳಿಕೊಡುವ ಮೇಷ್ಟ್ರು. ಈ ವರ್ಷ ನಮ್ಮೂರ ಮೇಲಿನ ಗುಡ್ಡ ಬಿರುಕು ಬಿಟ್ಟಾಗ ಅಳತೆಯನ್ನು ನಂಬಿದವಳು ಅವಳು, ನಂಬದೆ ಹೋದವನು ನಾನು. ಅದು ಹೇಗೆ ಎಂದು ಈಚೆಗೆ ಬಂದ ಹೊಸ ಮೇಷ್ಟ್ರೊಬ್ಬರು ಕೇಳಿದರು. ಆಗ ಉತ್ತರ ಕೊಡಲಾಗಲಿಲ್ಲ. ಈಗ ಕೊಡುತ್ತಿದ್ದೇನೆ.

ಬಿರುಕು ಮೊದಲು ಕಂಡದ್ದು ಚಳಿ ಮುಗಿಯುವ ಹೊತ್ತಿಗೆ. ಊರಿನ ಕಟ್ಟಕಡೆಯ ಹೊಲ ದಾಟಿ ಮೇಲಕ್ಕೆ ಹೋದರೆ ಉತ್ತೀಸ್ ಮರಗಳ ಕಾಡು. ಅಲ್ಲಿ ಯಾರದೋ ಆಡಿನ ಕಾಲು ನೆಲದಲ್ಲಿ ಸಿಕ್ಕಿಕೊಂಡಿತು. ಎಲೆ ಸರಿಸಿ ನೋಡಿದರೆ ಅಂಗೈ ಅಗಲದ ಸೀಳು, ಮರಗಳ ನಡುವೆ ಇನ್ನೂರು ಹೆಜ್ಜೆಯಷ್ಟು ಉದ್ದಕ್ಕೆ ಹೋಗಿತ್ತು. ವಾರ್ಡ್ ಕಚೇರಿಯವರು ಸರ್ಕಾರಕ್ಕೆ ಕಾಗದ ಬರೆದರು. ಚೈತ್ರದಲ್ಲಿ ಕಾಠ್ಮಂಡುವಿನಿಂದ ಸೃಜು ಬಜ್ರಾಚಾರ್ಯ ಎಂಬ ಭೂವಿಜ್ಞಾನಿ ಬಂದಳು. ಮೂವತ್ತು ದಾಟಿದ್ದೀತು. ಮೂಗು ಬಿಸಿಲಿಗೆ ಸುಟ್ಟು ಸಿಪ್ಪೆ ಏಳುತ್ತಿತ್ತು. ನಾಲ್ಕು ದಿನ ಗುಡ್ಡ ಹತ್ತಿ ಇಳಿದು, ಬಿರುಕಿನ ಆಚೆ ಒಂದು ಈಚೆ ಒಂದರಂತೆ ಆರು ಜೊತೆ ಗೂಟ ಹೊಡೆಸಿ ತಲೆಗೆ ಕೆಂಪು ಬಣ್ಣ ಬಳಿಸಿದಳು. ದಿನಾ ಬೆಳಿಗ್ಗೆ ಯಾರಾದರೂ ಹತ್ತಿ ಹೋಗಿ, ಟೇಪು ಹಿಡಿದು, ಗೂಟದಿಂದ ಗೂಟಕ್ಕೆ ಎಷ್ಟು ದೂರ ಎಂದು ಅಳೆದು ಫೋನಿನಲ್ಲಿ ಕಳಿಸಬೇಕಿತ್ತು.

ಅವಳು ಮೊದಲು ನೋಡಿದ್ದು ನನ್ನ ಮುಖ. ವಿಜ್ಞಾನದ ಮೇಷ್ಟ್ರಲ್ಲವೆ. ನಾನು ಶಾಲೆ ಇದೆ ಅಂದೆ. ಬೆನ್ನ ಮೇಲೆ ಹುಲ್ಲಿನ ಹೊರೆ ಹೊತ್ತು ಹಿಂದೆ ನಿಂತಿದ್ದ ಮೆಂದೋ, "ನಾನು ಹೇಗೂ ದಿನಾ ಹುಲ್ಲಿಗೆ ಬರ್ತೀನಲ್ಲ, ತೋರಿಸಿ ದೀದಿ" ಎಂದು ಹೊರೆ ಇಳಿಸಿದಳು.

ಜೇಠ್ ತಿಂಗಳಲ್ಲಿ, ಮಳೆಗೆ ಹದಿನೈದು ದಿನ ಇರುವಾಗ, ಸೃಜು ಮತ್ತೆ ಬಂದು ಶಾಲೆಯ ಅಂಗಳದಲ್ಲಿ ಊರವರನ್ನು ಸೇರಿಸಿದಳು. ನಲವತ್ತೊಂದು ಮನೆಯವರೂ ಬಂದಿದ್ದರು. ಮಳೆಗಾಲ ಮುಗಿಯುವವರೆಗೆ ಎಲ್ಲರೂ ಪಶ್ಚಿಮಕ್ಕಿರುವ ಗೊಂಪಾ ದಿಬ್ಬಕ್ಕೆ, ಬೌದ್ಧ ಗುಡಿ ಇರುವಲ್ಲಿಗೆ, ಹೋಗಿ ಇರಬೇಕು, ಅದು ಗಟ್ಟಿ ಬಂಡೆ, ಗುಡ್ಡ ಜಾರಿದರೂ ಅಲ್ಲಿಗೆ ಬರುವುದಿಲ್ಲ ಎಂದು ನಕ್ಷೆ ತೋರಿಸಿ ಹೇಳಿದಳು.

ನನ್ನ ಅಪ್ಪ ಸಿಂಗ್ಮಾನ್ ಮುಂದಿನ ಸಾಲಿನಲ್ಲಿ ಕೂತಿದ್ದ. "ಯಾವಾಗ ಜಾರುತ್ತೆ ಮಗಳೇ?"

"ಅದನ್ನ ಹೇಳೋಕಾಗಲ್ಲ ಬುವಾ. ಈ ಮಳೆಗಾಲದಲ್ಲೇ ಜಾರಬಹುದು. ಮುಂದಿನ ವರ್ಷ ಜಾರಬಹುದು. ಹತ್ತು ವರ್ಷ ಹೀಗೇ ನಿಂತರೂ ನಿಲ್ಲಬಹುದು."

"ಇಷ್ಟನ್ನ ನಮ್ಮ ಎಮ್ಮೆ ಕೂಡ ಹೇಳುತ್ತೆ. ಇದಕ್ಕೆ ಅಷ್ಟು ದೂರದಿಂದ ಜೀಪಿನ ಎಣ್ಣೆ ಸುಟ್ಕೊಂಡು ಬರಬೇಕಿತ್ತಾ?"

ಜನ ನಕ್ಕರು. ಸೃಜು ಕೂಡ ಸ್ವಲ್ಪ ನಕ್ಕಳು. ಆಮೇಲೆ ಹಿಂದಿನಿಂದ ಹರ್ಕಮಾನ್ ಎದ್ದು ನಿಂತ. ನಗು ತಾನಾಗಿ ನಿಂತಿತು.

ಹರ್ಕಮಾನ್ ಕತಾರಿನಲ್ಲಿ ಒಂಬತ್ತು ವರ್ಷ ಕರೆಂಟಿನ ಕೆಲಸ ಮಾಡಿ ವಾಪಸಾದವನು. ಸಣಕಲ ಆಳು, ಮೆತ್ತಗೆ ಮಾತಾಡುತ್ತಿದ್ದ. ಭೂಮಿ ನಡುಗುವುದನ್ನೂ ಗುಡ್ಡ ಜಾರುವುದನ್ನೂ ಮುಂಚೆಯೇ ತಿಳಿಯಬಹುದೆಂದು ಅವನ ನಂಬಿಕೆ. ಗಾಜಿನ ಪೆಟ್ಟಿಗೆಯೊಳಗೆ ದಿಕ್ಸೂಚಿಯ ಸೂಜಿ ತೂಗುಹಾಕಿದ್ದ. ಸೂಜಿಯ ಅಲುಗಾಟ, ಚಂದ್ರ ಎಷ್ಟು ಹತ್ತಿರವಿದ್ದಾನೆ, ಊರಿನ ಒರತೆ ನಿಮಿಷಕ್ಕೆ ಎಷ್ಟು ಹನಿ ಉದುರಿಸುತ್ತದೆ, ಎಲ್ಲ ಕೂಡಿಸಿ ಲೆಕ್ಕ ಹಾಕುತ್ತಿದ್ದ. ಸಂಜೆ ಫೋನಿನಲ್ಲಿ ಮಾತಾಡಿ ವಿಡಿಯೊ ಹಾಕಿದರೆ ಸುತ್ತಲಿನ ಬೆಟ್ಟಗಳಲ್ಲಿ ಮೂರು ಸಾವಿರ ಜನ ಕೇಳುತ್ತಿದ್ದರು. ಅವನು ಮೋಸಗಾರನಲ್ಲ, ಇದನ್ನು ಸ್ಪಷ್ಟವಾಗಿ ಹೇಳಬೇಕು. ಯಾರಿಂದಲೂ ಏನನ್ನೂ ತೆಗೆದುಕೊಂಡವನಲ್ಲ. ಯಾರ ಮನೆಯಲ್ಲಿ ಯಾರಿಗೆ ಮಂಡಿ ನೋವು ಎಂಬುದು ಅವನಿಗೆ ನೆನಪಿರುತ್ತಿತ್ತು.

"ಬರೋ ಅಸಾರ್ ತಿಂಗಳ ಹದಿನೇಳು," ಅಂದ ಹರ್ಕಮಾನ್. "ಬೆಳಿಗ್ಗೆ ಹತ್ತರಿಂದ ಮಾರನೇ ದಿನ ಬೆಳಿಗ್ಗೆ ಹತ್ತರ ತನಕ. ಅಷ್ಟು ಹೊತ್ತು ದಿಬ್ಬದ ಮೇಲಿದ್ರೆ ಸಾಕು. ಅದು ದಾಟಿದ್ರೆ ಮಂಗ್ಸಿರ್ ಚಳಿ ಬರೋ ತನಕ ಗುಡ್ಡ ಅಲ್ಲಾಡಲ್ಲ."

"ಅದು ನಿಮಗೆ ಹೇಗೆ ಗೊತ್ತು ದಾಯಿ?" ಸೃಜು ಅಣ್ಣನೆಂದೇ ಕರೆದು ಕೇಳಿದಳು.

"ನಿಮಗೆ ಗೊತ್ತಿಲ್ಲ ಅಂತ ನೀವೇ ಹೇಳಿದ್ರಿ ಬಹಿನಿ. ಗೊತ್ತಿಲ್ಲದವರು ಗೊತ್ತಿರೋನನ್ನ ಹೇಗೆ ಪರೀಕ್ಷೆ ಮಾಡ್ತೀರಿ?"

ಚಪ್ಪಾಳೆ ಬಿತ್ತು. ಮೊದಲು ತಟ್ಟಿದವನು ನಾನು.

ಯಾಕೆ ತಟ್ಟಿದೆ ಎಂದರೆ, ಸ್ವಲ್ಪ ಹಿಂದಕ್ಕೆ ಹೋಗಬೇಕು. ಸುಮಾರು ಹತ್ತು ವರ್ಷದ ಹಿಂದಿನ ದೊಡ್ಡ ಭೂಕಂಪದಲ್ಲಿ ನಮ್ಮ ಮನೆಗಳೆಲ್ಲ ಕಲ್ಲುಗುಡ್ಡೆಯಾಗಿದ್ದವು. ಒಂದು ಮಳೆಗಾಲವನ್ನೂ ಚಳಿಗಾಲವನ್ನೂ ಗುಡಾರದಲ್ಲಿ ಕಳೆದೆವು. ಕೆಳಗೆ ಹಳ್ಳದ ಪಕ್ಕ ಸಮತಟ್ಟು ಜಾಗವೊಂದಿತ್ತು. ಭೂವಿಜ್ಞಾನ ಇಲಾಖೆಯವರು ಬಂದು ನೋಡಿ, ಇಲ್ಲಿ ಇರಬಹುದು ಎಂದು ಅದಕ್ಕೆ ಹಸಿರು ಗುರುತು ಕೊಟ್ಟರು, ಕಾಗದವನ್ನು ನನ್ನ ಕೈಗಿತ್ತರು. ಓದಲು ಬರುವವನೆಂದು ನಾನೇ ಎಲ್ಲರ ಮುಂದೆ ಅದನ್ನು ಓದಿದೆ. ಹದಿನೆಂಟು ಮನೆಯವರು ಅಲ್ಲಿಗೆ ಹೋಗಿ ತಗಡು ಹಾಕಿಕೊಂಡರು. ಮುಂದಿನ ಸಾವುನ್ ತಿಂಗಳಲ್ಲಿ ಹಳ್ಳ ಮೇಲಿನಿಂದ ಬಂಡೆ ಕೆಸರು ಹೊತ್ತು ತಂದು ಸುರಿಯಿತು. ಹನ್ನೊಂದು ಜನ ಹೋದರು. ಅದರಲ್ಲಿ ನನ್ನ ಅಮ್ಮನೂ ಒಬ್ಬಳು. ಮೆಂದೋಗೆ ಅವಳು ಬರೀ ಅತ್ತೆಯಲ್ಲ, ಅವಳಪ್ಪನ ಸ್ವಂತ ತಂಗಿ. ನಮ್ಮಲ್ಲಿ ಸೋದರತ್ತೆಯ ಮಗನಿಗೆ ಕೊಡುವ ರೂಢಿ. ಮೆಂದೋ ನನ್ನನ್ನು ಈಗಲೂ ಗ್ಯಾಲ್ಬು ಎಂದು ಹೆಸರು ಹಿಡಿದೇ ಕರೆಯುತ್ತಾಳೆ, ಚಿಕ್ಕಂದಿನಲ್ಲಿ ಕರೆದ ಹಾಗೆ.

ಅಮ್ಮ ಹೋದ ಮೇಲೆ ನಾನು ಊಟ ಬಿಟ್ಟಿದ್ದೆ. ಆಗ ದಿನಾ ಬಂದು ಪಕ್ಕದಲ್ಲಿ ಕೂತವನು ಹರ್ಕಮಾನ್. "ನಿಮ್ಮ ತಪ್ಪಲ್ಲ ಮಾಸ್ತರ್," ಎನ್ನುತ್ತಿದ್ದ. "ಇಲಾಖೆಯವರಿಗೆಲ್ಲ ಗೊತ್ತಿತ್ತು. ಗೊತ್ತಿದ್ದೂ ಮುಚ್ಚಿಟ್ರು. ಜನ ಅಂದ್ರೆ ಅವರಿಗೆ ಅಷ್ಟೇ." ಅದನ್ನು ಕೇಳಿದಾಗ ನನ್ನೆದೆಯ ಮೇಲಿನ ಕಲ್ಲು ಯಾರೋ ಎತ್ತಿದ ಹಾಗಾಗುತ್ತಿತ್ತು. ನನಗೆ ಆ ಮಾತು ಬೇಕೇಬೇಕಾಗಿತ್ತು. ಎಷ್ಟು ಬೇಕಾಗಿತ್ತು, ಯಾಕೆ ಬೇಕಾಗಿತ್ತು ಎನ್ನುವುದು ಮುಂದೆ ಗೊತ್ತಾಗುತ್ತದೆ. ಆ ಮಾತು ಒಪ್ಪಿದವನು ಅವನ ಸೂಜಿಯನ್ನೂ ಚಂದ್ರನನ್ನೂ ಒಪ್ಪಿದೆ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡುವಂತಿರಲಿಲ್ಲ.

ಅಸಾರ್ ಹದಿನೇಳು ಬಂತು. ನಾಟಿ ಹಬ್ಬದ ಮೊಸರು ಅವಲಕ್ಕಿ ಇನ್ನೂ ಉಳಿದಿತ್ತು. ಊರಿಗೆ ಊರೇ ಎಮ್ಮೆ ಹೊಡೆದುಕೊಂಡು, ಕೋಳಿಗಳನ್ನು ಬೆನ್ನಬುಟ್ಟಿಯಲ್ಲಿ ಹೊತ್ತು ದಿಬ್ಬ ಹತ್ತಿತು. ಮಳೆ ಹುಯ್ಯುತ್ತಿತ್ತು. ಲಾಮಾ ಗೊಂಪಾದೊಳಗೆ ಕೂತು ಓದುತ್ತಿದ್ದರು, ಹೊರಗೆ ಹರ್ಕಮಾನ್ ಪ್ಲಾಸ್ಟಿಕ್ ಹಾಳೆಯ ಕೆಳಗೆ ಗಾಜಿನ ಪೆಟ್ಟಿಗೆ ಇಟ್ಟುಕೊಂಡು ಕಣ್ಣು ಮುಚ್ಚದೆ ಕೂತಿದ್ದ. ಮಾರನೇ ದಿನ ಹತ್ತು ಗಂಟೆಗೆ ಅವನು ಎದ್ದು, "ದಾಟಿತು" ಅಂದ. ಹೆಂಗಸರು ಅತ್ತರು. ಮುದುಕರು ಅವನ ತಲೆ ಮುಟ್ಟಿದರು.

"ನಾವೆಲ್ಲ ಒಟ್ಟಿಗಿದ್ವಲ್ಲ, ಅದಕ್ಕೇ ಗುಡ್ಡ ತಡ್ಕೊಳ್ತು," ಅಂದ ಅವನು.

ಹೇಳಿದ್ದು ನಡೆಯಲಿಲ್ಲ ಎನ್ನುವುದು ಯಾರ ತಲೆಗೂ ಹೋಗಲಿಲ್ಲ. ನಡೆಯದೆ ಹೋದದ್ದೇ ಅವನ ದೊಡ್ಡತನವಾಯಿತು. ಎಲ್ಲರೂ ಹಾಡಿಕೊಂಡು ಮನೆಗಿಳಿದೆವು. ದಿಬ್ಬಕ್ಕೆ ಹೋಗಿ ಮಳೆಗಾಲ ಕಳೆಯುವ ಮಾತು ಅಲ್ಲಿಗೆ ಮುಗಿಯಿತು.

ಮೆಂದೋ ಮಾತ್ರ ಒದ್ದೆ ತಲೆಗೂದಲು ಹಿಂಡುತ್ತ, "ಬಿರುಕು ಇವತ್ತು ನಾಲ್ಕು ಮಿಲಿಮೀಟರ್ ಅಗಲಾಗಿದೆ ಗ್ಯಾಲ್ಬು. ಹೋದ ವಾರ ಎರಡಿತ್ತು" ಅಂದಳು.

"ಟೇಪು ಮಳೆಗೆ ಎಳ್ಕೊಳ್ಳುತ್ತೆ."

"ಇದು ಉಕ್ಕಿನ ಟೇಪು."

ನಾನು ಮಾತು ಬದಲಿಸಿದೆ.

ಮೂರು ದಿನ ಬಿಟ್ಟು ಒಂಬತ್ತಾಯಿತು. ಮರುದಿನ ಅವಳು ಹೋದಾಗ ಗೂಟಗಳು ಕಡಿಮೆಯಾಗಿದ್ದವು. ಆರು ಜೊತೆಯಲ್ಲಿ ನಾಲ್ಕು ಜೊತೆ ಯಾರೋ ಕಿತ್ತಿದ್ದರು. ಅವಳು ಸಿಟ್ಟಿನಲ್ಲಿ ಇಳಿದು ಬಂದರೆ, ನಮ್ಮ ಕೊಟ್ಟಿಗೆಯಲ್ಲೇ ಎಮ್ಮೆಯ ಕರು ಕೆಂಪು ತಲೆಯ ಗೂಟಕ್ಕೆ ಕಟ್ಟಿಸಿಕೊಂಡು ನಿಂತಿತ್ತು. ಅಪ್ಪ ಅಡಗಿಸುವ ಗೋಜಿಗೂ ಹೋಗಿರಲಿಲ್ಲ.

"ಮಾವ, ಅದು ಗುಡ್ಡದ ನಾಡಿ ನೋಡೋ ಗೂಟ."

"ಎದೆಗೆ ಹನ್ನೆರಡು ಗೂಟ ಹೊಡೆದ್ರೆ ಗುಡ್ಡ ಸೀಳದೆ ಇನ್ನೇನು ಮಾಡುತ್ತೆ? ನಿನ್ನೆದೆಗೆ ಹೊಡೆದ್ರೂ ಸೀಳ್ತೀಯ."

"ಹಾಗಾದ್ರೆ ಗೂಟ ಹೊಡೆಯೋಕೆ ಮುಂಚೆ ಆಡಿನ ಕಾಲು ಸಿಕ್ಕಿಕೊಂಡಿದ್ದು ಯಾವುದರೊಳಗೆ?"

ಅಪ್ಪ ಹೊಗೆಸೊಪ್ಪು ಉಗಿದು ನನ್ನ ಕಡೆ ತಿರುಗಿದ. "ನಿನ್ನ ಹೆಂಡ್ತಿ ಬಾಯಿ ಟೇಪಿಗಿಂತ ಉದ್ದ ಆಗಿದೆ ನೋಡು."

ನಾನು ನಗಬಾರದಿತ್ತು. ನಕ್ಕೆ. ಮೆಂದೋ ನನ್ನನ್ನು ಒಂದು ಕ್ಷಣ ನೋಡಿ, ಕತ್ತಿ ತೆಗೆದುಕೊಂಡು ಹೋಗಿ ಹೊಸ ಗೂಟ ಕೆತ್ತತೊಡಗಿದಳು. ಮೂರು ದಿನ ನಮ್ಮಿಬ್ಬರ ನಡುವೆ ಮಾತಿರಲಿಲ್ಲ. ರಾಗಿಯ ಮುದ್ದೆ ತಟ್ಟೆಗೆ ಬೀಳುತ್ತಿತ್ತು, ಅವಳು ಒಲೆ ಕಡೆ ತಿರುಗಿ ಉಣ್ಣುತ್ತಿದ್ದಳು. ಊರಲ್ಲಿ ಅವಳಿಗೆ 'ಟೇಪು ಅಮ್ಮ' ಎಂದು ಹೆಸರು ಬಿದ್ದಿತ್ತು. ಒರತೆಯ ಹತ್ತಿರ ಹೋದರೆ, "ಏನಮ್ಮ, ಇವತ್ತು ಎಷ್ಟು ಕಾಳು ಜರುಗಿತು?" ಎಂದು ಹೆಂಗಸರು ಕೊಡ ಕುಕ್ಕುತ್ತಿದ್ದರು.

ಅಸಾರ್ ಇಪ್ಪತ್ತೈದು. ಮಳೆ ಹಿಂದಿನ ದಿನವೇ ನಿಂತಿತ್ತು. ಚೆನ್ನಾದ ಬಿಸಿಲು. ನಾನು ಏಳನೇ ತರಗತಿಗೆ ಪಾಠ ಮಾಡುತ್ತಿದ್ದೆ. ಮೆಂದೋ ಬಾಗಿಲಿಗೆ ಬಂದು ಕೈ ಮಾಡಿದಳು. ಮೊಣಕಾಲಿನವರೆಗೆ ಕೆಸರು, ಉಸಿರು ಮೇಲೆ ಕೆಳಗೆ.

"ನಿನ್ನೆಯಿಂದ ಇವತ್ತಿಗೆ ಹನ್ನೊಂದು ಸೆಂಟಿಮೀಟರ್," ಅಂದಳು. "ಮೂರನೇ ಗೂಟದ ಹತ್ತಿರ ನನ್ನ ಕೈ ಮೊಣಕೈ ತನಕ ಒಳಗೆ ಹೋಗುತ್ತೆ. ಒರತೆ ನೀರು ಮಣ್ಣಾಗಿ ಬರ್ತಿದೆ. ಸೃಜು ದೀದಿಗೆ ಫೋನ್ ಮಾಡ್ದೆ. ಒಂದು ಗಂಟೆನೂ ಕಾಯಬೇಡಿ, ಎಲ್ಲರೂ ಏಳಿ ಅಂದ್ರು. ಅವರೂ ಹೊರಟಿದಾರೆ."

ಶಾಲೆ ಇದ್ದದ್ದು ಬಿರುಕಿನ ನೇರ ಕೆಳಗೆ. ಒಳಗೆ ಐವತ್ತಮೂರು ಮಕ್ಕಳಿದ್ದರು. ನಾನು ಮೇಲೆ ನೋಡಿದೆ. ಉತ್ತೀಸ್ ಮರಗಳು ಬಿಸಿಲಿಗೆ ಹೊಳೆಯುತ್ತ ನೆಟ್ಟಗೆ ನಿಂತಿದ್ದವು.

"ಮಳೆ ನಿಂತಿದೆ ಮೆಂದೋ. ತಾರೀಖೂ ದಾಟಿದೆ. ಈಗ ಊರೆಲ್ಲ ಎಬ್ಬಿಸಿ ಏನೂ ಆಗದಿದ್ರೆ ನಾಳೆ ನಿನ್ನನ್ನ ಈ ಊರಲ್ಲಿ ಇರೋಕೆ ಬಿಡಲ್ಲ ಜನ."

ಅವಳು ತಗ್ಗಿದ ದನಿಯಲ್ಲಿ, ಮಕ್ಕಳಿಗೆ ಕೇಳಿಸದ ಹಾಗೆ ಅಂದಳು, "ತಗಡಿನ ಪೆಟ್ಟಿಗೆಯಲ್ಲಿರೋ ಕಾಗದ ನಾನು ಓದಿದೀನಿ."

ನಾನು ತರಗತಿಯ ಬಾಗಿಲು ಎಳೆದುಕೊಂಡೆ.

"ಮೂರು ವರ್ಷ ಆಯ್ತು ಓದಿ. ಕೊನೇ ಪುಟ. ಆ ಹಳ್ಳದ ಜಾಗ ಒಣ ಕಾಲಕ್ಕೆ ಮಾತ್ರ, ಮಳೆಗೆ ಮುಂಚೆ ಮತ್ತೆ ತೋರಿಸದೆ ಅಲ್ಲಿ ಇರಬಾರದು ಅಂತ ಬರ್ದಿದಾರೆ. ಅವರು ಮುಚ್ಚಿಟ್ಟಿರಲಿಲ್ಲ ಗ್ಯಾಲ್ಬು. ನೀನು ಓದಿರಲಿಲ್ಲ."

ಓದಿದ್ದೆ. ಊರವರ ಮುಂದೆ ಓದಿದ್ದು ಮೊದಲ ಪುಟ. ಚಳಿ ಇತ್ತು, ಮಕ್ಕಳು ಕೆಮ್ಮುತ್ತಿದ್ದರು, ಜನಕ್ಕೆ ಬೇಕಾದದ್ದು ಹೌದು ಅನ್ನುವ ಒಂದು ಮಾತು. ಕೊನೆಯ ಪುಟ ಮನೆಗೆ ಬಂದು ಓದಿಕೊಂಡೆ. ಜೇಠ್ ಬರಲಿ, ಹೇಳೋಣ ಅಂದುಕೊಂಡೆ. ಜೇಠ್ ಬಂದಾಗ ಅಮ್ಮ ತಗಡಿನ ಮನೆ ಮುಂದೆ ಕುಂಬಳ ಬಳ್ಳಿ ಹಬ್ಬಿಸಿದ್ದಳು. ಎಲ್ಲರೂ ಒಂದು ವರ್ಷದ ಮೇಲೆ ಮೊದಲ ಸಲ ನೆಮ್ಮದಿಯಾಗಿ ಮಲಗುತ್ತಿದ್ದರು. ಇವತ್ತು ಬೇಡ, ನಾಳೆ ಹೇಳೋಣ ಎನ್ನುತ್ತ ಸಾವುನ್ ಬಂದುಬಿಟ್ಟಿತ್ತು.

"ಅತ್ತೆ ವಿಷಯಕ್ಕೆ ನಿನ್ನನ್ನ ನಾನು ಒಂದು ದಿನ ಒಂದು ಮಾತು ಕೇಳಿದೀನಾ?" ಅಂದಳು ಮೆಂದೋ. "ಕೇಳಿಲ್ಲ. ಇವತ್ತು ಕೇಳ್ತೀನಿ. ಗಂಟೆ ಹೊಡಿ."

ಹೊಡೆದೆ. ನಂಬಿ ಹೊಡೆದೆನೋ ಅವಳ ಮುಖಕ್ಕೆ ಹೆದರಿ ಹೊಡೆದೆನೋ ಇವತ್ತಿಗೂ ಹೇಳಲಾರೆ. ಮಕ್ಕಳನ್ನು ಸಾಲು ಹಿಡಿಸಿ ದಿಬ್ಬದ ದಾರಿಗೆ ಹಚ್ಚಿದೆ. ಹರ್ಕಮಾನ್ ತನ್ನ ಅಂಗಳದಿಂದ ಕೂಗಿದ.

"ಮಾಸ್ತರ್, ಎಲ್ಲಿಗೆ? ತಾರೀಖು ಕಳೀತಲ್ಲ."

"ಗೊತ್ತು ದಾಯಿ," ಎಂದು ನಿಲ್ಲದೆ ನಡೆದೆ.

ಊರು ಗುಡ್ಡಕ್ಕೆ ಹೆದರಿ ಎದ್ದು ಬರಲಿಲ್ಲ. ಮಕ್ಕಳು ಹೋದರೆಂದು ಹಿಂದೆ ಬಂತು. ತಾಯಂದಿರು ಬೈಯುತ್ತ ಬಂದರು, ಗಂಡಸರು ತಾಯಂದಿರನ್ನು ಹುಡುಕುತ್ತ ಬಂದರು, ಹಾಸಿಗೆ ಹಿಡಿದಿದ್ದ ಅಜ್ಜಿಯನ್ನು ಹರ್ಕಮಾನನೇ ಬೆನ್ನ ಮೇಲೆ ಹೊತ್ತು ತಂದ. ಅಪ್ಪ ಕಡೆಗೆ ಬಂದ, ಎಮ್ಮೆಯ ಹಗ್ಗ ಹಿಡಿದು, ಯಾರ ಮುಖವನ್ನೂ ನೋಡದೆ.

ಸಂಜೆಯಾಯಿತು. ಏನೂ ಆಗಲಿಲ್ಲ. ಮರುದಿನವೂ ಬಿಸಿಲು, ಏನೂ ಆಗಲಿಲ್ಲ. ಕೆಳಗೆ ಮನೆಗಳು ಬಾಗಿಲು ತೆರೆದ ಹಾಗೇ ಕಾಣುತ್ತಿದ್ದವು. ಬಿಟ್ಟು ಬಂದ ಎಮ್ಮೆಗಳು ಹಾಲು ಕರೆಯುವವರಿಲ್ಲದೆ ಅರಚುವುದು ದಿಬ್ಬಕ್ಕೆ ಕೇಳುತ್ತಿತ್ತು. ಸೃಜುವಿನ ಜೀಪು ಕೆಳಗೆಲ್ಲೋ ಕುಸಿದ ರಸ್ತೆಯಲ್ಲಿ ನಿಂತಿತ್ತು. ಮೆಂದೋ ಫೋನನ್ನು ಎಲ್ಲರಿಗೂ ಕೇಳುವಂತೆ ಎತ್ತಿ ಹಿಡಿದಳು.

"ಇವತ್ತಾ, ನಾಳೆನಾ? ಅಷ್ಟು ಹೇಳ್ಬಿಡಿ ಮೇಡಂ," ಎಂದು ಯಾರೋ ಕೂಗಿದರು.

"ಗೊತ್ತಿಲ್ಲ," ಅಂದಿತು ಫೋನು. "ಗೊತ್ತಿಲ್ಲ, ಆದ್ರೆ ಇಳೀಬೇಡಿ. ದಯವಿಟ್ಟು ಇಳೀಬೇಡಿ."

"ಬರೀ ಬಾಯಿ ಬಡ್ಕೊಳ್ತಾಳೆ," ಎಂದು ಒಬ್ಬ ಎದ್ದು ಹೋದ. ಸ್ವಲ್ಪ ಹೊತ್ತಿಗೆ ಫೋನಿನ ಚಾರ್ಜೂ ಮುಗಿಯಿತು.

ಇಪ್ಪತ್ತೇಳರ ಬೆಳಿಗ್ಗೆ ತಾಳ್ಮೆ ಹರಿಯಿತು. ಸಾಂಗ್ಗೆ, ಅವನ ಹೆಂಡತಿ, ಅವನ ತಮ್ಮ, ಮೂವರು ಹಾಲು ಕರೆಯಲೆಂದು ಯಾರಿಗೂ ಹೇಳದೆ ಇಳಿದುಹೋಗಿದ್ದರು. ಅವರು ಹೋದದ್ದು ತಿಳಿದದ್ದೇ ಉಳಿದವರೂ ಬುಟ್ಟಿ ಎತ್ತಿದರು. ಹರ್ಕಮಾನ್ ಪೆಟ್ಟಿಗೆ ನೋಡಿ, "ಸೂಜಿ ಶಾಂತವಾಗಿದೆ. ಇಳೀರಿ, ಭಯ ಇಲ್ಲ" ಅಂದ. ಮೆಂದೋ ದಾರಿಗೆ ಅಡ್ಡ ಹೋದಳು. ಫುರ್ಮಾಯಾ ಎಂಬಾಕೆ ಅವಳನ್ನು ಪಕ್ಕಕ್ಕೆ ನೂಕಿದಳು. ಹಳ್ಳದ ಜಾಗದಲ್ಲಿ ಗಂಡನನ್ನೂ ಎರಡು ಮಕ್ಕಳನ್ನೂ ಕಳೆದುಕೊಂಡವಳು ಫುರ್ಮಾಯಾ.

"ಸರಿ ಆಚೆ. ನಿಮ್ಮ ಕಾಗದದವರ ಮಾತು ಕೇಳಿ ಒಂದು ಸಲ ಮನೆ ಹಾಳಾಗಿದೆ ನಂದು."

ದಿಬ್ಬದಿಂದ ಊರಿಗಿಳಿಯಲು ಇರುವುದು ಒಂದೇ ಕಲ್ಲುಮೆಟ್ಟಿಲ ದಾರಿ, ಇಬ್ಬರು ಜೊತೆಗೆ ಹೋಗಲಾರದಷ್ಟು ಇಕ್ಕಟ್ಟು. ನಾನು ಹೋಗಿ ಅದರ ಬಾಯಲ್ಲಿ ನಿಂತೆ.

"ಕಾಗದದಲ್ಲಿ ಸರಿಯಾಗೇ ಬರೆದಿತ್ತು," ಅಂದೆ.

ಯಾರಿಗೂ ಅರ್ಥವಾಗಲಿಲ್ಲ. ಮತ್ತೆ ಹೇಳಿದೆ. ಕೊನೆಯ ಪುಟದ ಸಾಲನ್ನು ಹೇಳಿದೆ. ಅದನ್ನು ಓದಿಯೂ ಹೇಳದೆ ಉಳಿದವನು ನಾನು ಎಂದೆ. "ಅವರು ಮುಚ್ಚಿಡಲಿಲ್ಲ. ನಾನು ಮುಚ್ಚಿಟ್ಟೆ. ಹನ್ನೊಂದು ಜನ ಸತ್ತಿದ್ದು ಅವರ ಮಾತು ಕೇಳಿ ಅಲ್ಲ. ಅವರ ಮಾತನ್ನ ನಾನು ನಿಮಗೆ ಪೂರ್ತಿ ಹೇಳದೆ ಹೋಗಿದ್ದಕ್ಕೆ."

ಫುರ್ಮಾಯಾ ಬುಟ್ಟಿ ಕೆಳಗಿಟ್ಟಳು. ಹತ್ತಿರ ಬಂದು ನನ್ನ ಮುಖಕ್ಕೆ ಉಗಿದಳು. ಎರಡು ಕೈಯಲ್ಲೂ ಅಂಗಿ ಹಿಡಿದು ಎಳೆದಾಡಿದಳು. "ಯಾಕೆ ಹೇಳ್ಲಿಲ್ಲ? ಯಾಕೆ ಹೇಳ್ಲಿಲ್ಲ?" ಅದೊಂದೇ ಮಾತು, ದನಿ ಏರಿಸದೆ, ಮತ್ತೆ ಮತ್ತೆ. ಹಿಂದಿನವರು ಮುಂದೆ ನುಗ್ಗಿದರು. ಯಾರೋ ಕೆನ್ನೆಗೆ ಹೊಡೆದರು, ಯಾರೋ ಅವರನ್ನು ಹಿಡಿದರು. ಹತ್ತು ವರ್ಷದಿಂದ ಮಾತಾಡದೆ ಇಟ್ಟದ್ದೆಲ್ಲ ಹೊರಗೆ ಬಂತು. ಯಾರು ಯಾರನ್ನು ಅಲ್ಲಿಗೆ ಕರೆದೊಯ್ದರು, ಯಾರು ಬೇಡ ಅಂದಿದ್ದರು, ಯಾರ ಹೆಣ ಸಿಗಲೇ ಇಲ್ಲ. ಹರ್ಕಮಾನ್ ನಡುವೆ ಬಂದು, "ಮಾಸ್ತರಿಗೆ ಹೆದರಿಕೆಯಿಂದ ತಲೆ ಕೆಟ್ಟಿದೆ, ಅವರು ಹೇಳ್ತಿರೋದು ಸುಳ್ಳು" ಎಂದು ನನ್ನನ್ನು ಉಳಿಸಲು ನೋಡಿದ. "ಸುಳ್ಳಲ್ಲ ದಾಯಿ," ಅಂದೆ. ಅವನ ಮುಖ ಸಣ್ಣದಾಯಿತು.

ಅಪ್ಪ ಒಂದು ಕಲ್ಲಿನ ಮೇಲೆ ಕೂತು ಕೇಳುತ್ತಿದ್ದ. ಎಮ್ಮೆಯ ಹಗ್ಗ ಕೈಯಿಂದ ಜಾರಿ ಬಿದ್ದದ್ದು ಅವನಿಗೆ ತಿಳಿದಿರಲಿಲ್ಲ.

ಎಷ್ಟು ಹೊತ್ತು ನಡೆಯಿತೋ. ಒಂದು ತಾಸಿರಬಹುದು. ನನ್ನನ್ನು ದಾಟದೆ ಯಾರೂ ಇಳಿಯುವಂತಿರಲಿಲ್ಲ, ನನ್ನನ್ನು ಬಿಟ್ಟುಹೋಗಲು ಅವರಿಗೆ ಮನಸ್ಸೂ ಇರಲಿಲ್ಲ. ಮೊದಲು ನಾಯಿಗಳು ಊಳಿಟ್ಟವು. ಆಮೇಲೆ ದೂರದಲ್ಲಿ ತಗಡಿನ ಮೇಲೆ ಆಲಿಕಲ್ಲು ಬಿದ್ದ ಹಾಗೆ ಸದ್ದು. ಎಲ್ಲರೂ ತಿರುಗಿದರು. ಉತ್ತೀಸ್ ಕಾಡು ನಿಂತ ಹಾಗೇ ಕೆಳಕ್ಕೆ ನಡೆದು ಬರುತ್ತಿತ್ತು. ಮರಗಳು ಬೀಳಲಿಲ್ಲ, ಸಾಲಾಗಿ ನಿಂತೇ ಬಂದವು, ಕಡೆಯ ಹೊಲ ದಾಟುವಾಗ ಒಮ್ಮೆಲೇ ಮಗುಚಿದವು. ಜೋಳದ ಹೊಲ, ಒರತೆ, ಶಾಲೆ. ಶಾಲೆಯ ನೀಲಿ ತಗಡು ಒಂದು ಸಲ ಮೇಲೆದ್ದು ಹೊಳೆದು ಒಳಗೆ ಹೋಯಿತು. ಆಮೇಲೆ ಧೂಳು ಬಂದು ಮುಚ್ಚಿತು, ಪಕ್ಕದವರ ಮುಖ ಕಾಣಲಿಲ್ಲ. ಮಕ್ಕಳ ಹೆಸರು ಹಿಡಿದು ಕೂಗುವುದೊಂದೇ ಕೇಳುತ್ತಿತ್ತು.

ಧೂಳು ಇಳಿದಾಗ ಇಪ್ಪತ್ತೆಂಟು ಮನೆ ಇರಲಿಲ್ಲ. ಸಾಂಗ್ಗೆಯೂ ಅವನ ಹೆಂಡತಿಯೂ ಅವನ ತಮ್ಮನೂ ಸಿಗಲಿಲ್ಲ.

ಸೃಜು ಮಧ್ಯಾಹ್ನ ನಡೆದುಕೊಂಡೇ ಬಂದಳು. ಮೊದಲು ಮಕ್ಕಳನ್ನು ಎರಡು ಸಲ ಎಣಿಸಿದಳು. ಆಮೇಲೆ ಮೆಂದೋಳ ಪಕ್ಕ ಹೋಗಿ ನೆಲಕ್ಕೆ ಕೂತಳು.

ಊರು ಈ ಕತೆಯನ್ನು ಬೇರೆ ಥರ ಹೇಳುತ್ತದೆ. ಹರ್ಕಮಾನ್ ಅಸಾರ್ ಅಂದಿದ್ದ, ಅಸಾರಿನಲ್ಲೇ ಆಯಿತು, ಹತ್ತು ದಿನ ಹೆಚ್ಚುಕಡಿಮೆ ಎನ್ನುತ್ತಾರೆ. ಈಗ ಅವನ ಮಾತು ಕೇಳುವವರು ಹನ್ನೊಂದು ಸಾವಿರ ಜನವಂತೆ. ಇಳಿಯಿರಿ ಎಂದು ಅವನು ಹೇಳಿದ್ದು ಯಾರಿಗೂ ನೆನಪಿಲ್ಲ, ಅವನಿಗೂ ಇಲ್ಲ. ಒಮ್ಮೆ ನೆನಪಿಸಿದೆ. ನಿಜವಾಗಿಯೂ ಆಶ್ಚರ್ಯಪಟ್ಟ. "ನಾನು ಹಾಗಂದ್ನಾ ಮಾಸ್ತರ್? ಇರಲಾರದು." ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ನನಗೆ ಆಗುವುದಿಲ್ಲ. ಅವನ ಬಳಿಗೆ ಹೋಗುವವರು ಏನು ಹುಡುಕಿಕೊಂಡು ಹೋಗುತ್ತಾರೆಂದು ನನಗೆ ಗೊತ್ತು.

ಅಪ್ಪ ನನ್ನೊಡನೆ ಮಾತು ಬಿಟ್ಟು ನಾಲ್ಕು ತಿಂಗಳಾಯಿತು. ಗುಡ್ಡ ಜಾರಿದ ಮೇಲೆ ನಾವೆಲ್ಲ ಬಂದಿರುವ ಹೊಸ ಜಾಗದಲ್ಲಿ ನಮ್ಮ ಮನೆಗೆ ಬರದೆ ತನ್ನ ಅಕ್ಕನ ಮನೆಯಲ್ಲಿದ್ದಾನೆ. ಮೆಂದೋ ಮಾತ್ರ ವಾರಕ್ಕೆರಡು ಸಲ ಹೋಗಿ ಅವನಿಗೆ ಸೊಪ್ಪಿನ ಸಾರು ಕೊಟ್ಟು ಬರುತ್ತಾಳೆ. ಏನಂದ ಎಂದು ಕೇಳಿದರೆ, "ಉಪ್ಪು ಕಮ್ಮಿ ಅಂದ್ರು" ಎನ್ನುತ್ತಾಳೆ.

ಮೊನ್ನೆ ಫುರ್ಮಾಯಾ ನಮ್ಮ ಮನೆಗೆ ಬಂದಳು. ನನ್ನ ಕಡೆ ನೋಡಲಿಲ್ಲ. ನಾನು ಎದ್ದು ಹೊರಗೆ ಹೋದೆ, ಬಾಗಿಲ ಪಕ್ಕ ನಿಂತೆ. ಅವಳು ಮೆಂದೋಳ ಎದುರು ಒಲೆಯ ಬಳಿ ಕೂತಳು.

"ಹರ್ಕಮಾನ್ ಹೇಳ್ತಾನೆ, ಈ ಹೊಸ ಜಾಗಕ್ಕೆ ಎಂಟು ವರ್ಷ ಏನೂ ಆಗಲ್ವಂತೆ. ನೀನೇನಂತೀಯ?"

"ನಂಗೆ ಗೊತ್ತಿಲ್ಲ ದೀದಿ."

"ನಿನ್ನ ಆ ಸೃಜುಗೆ?"

"ಅವರಿಗೂ ಗೊತ್ತಿಲ್ಲ. ಈಗ ಸರಿ ಇದೆ. ಮಳೆ ಬಂದಾಗ ಮತ್ತೆ ನೋಡ್ಬೇಕು."

"ಮತ್ತೆ ನೀವೆಲ್ಲ ಇದ್ದು ಏನು ಪ್ರಯೋಜನ?"

ಮೆಂದೋ ಚಹಾ ಸೋಸುವ ಸದ್ದು ಕೇಳಿಸಿತು. ಫುರ್ಮಾಯಾ ಎದ್ದು ಹೋಗುತ್ತಾಳೆಂದು ನಾನು ಬಾಗಿಲಿನಿಂದ ಸರಿದು ನಿಂತೆ. ಅವಳು ಏಳಲಿಲ್ಲ. ಚಹಾ ಕುಡಿದು, ಲೋಟ ಮುಂದಕ್ಕೆ ಹಿಡಿದು, "ಇನ್ನೊಂಚೂರು ಹಾಕು" ಅಂದಳು.